ಹನ್ನೊಂದನೇ ಹಂಗಾಮು

ಬೀಜಕೋಣೆ
ಜನವರಿ 11

ಪ್ರೀತಿಯ ನಾದಿನಿಗೆ,

ನಾವಿಲ್ಲಿ ಕ್ಷೇಮ. ನೀನು ಹೇಗಿದ್ದೀಯ ಎಂದು ಫೋನಿನಲ್ಲೇ ಕೇಳಬಹುದಿತ್ತು, ಆದರೆ ಬೀಜ ಫೋನಿನಲ್ಲಿ ಹೋಗುವುದಿಲ್ಲವಲ್ಲ. ಹೇಗೂ ಅಂಚೆಗೆ ಹಾಕುತ್ತಿದ್ದೇನೆ, ಜೊತೆಗೊಂದು ಕಾಗದವೂ ಇರಲಿ ಎಂದು ಕೂತೆ. ಹಾಸ್ಟೆಲಿನ ರಜೆಗಳಲ್ಲಿ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆ. ಆಗ ನೀನು ಬರೀ ಗೆಳತಿ. ನಿನ್ನ ಅಣ್ಣನನ್ನು ಕಟ್ಟಿಕೊಂಡು ನಾನು ನಿನಗೆ ಅತ್ತಿಗೆಯಾಗಿ ಹದಿನೆಂಟು ವರ್ಷವಾಯಿತು. ಆದರೂ ನೀನು ನನ್ನನ್ನು ಬಹುವಚನಕ್ಕೆ ಏರಿಸಲಿಲ್ಲ. ಒಳ್ಳೆಯದೇ ಆಯಿತು.

ಈ ಪೊಟ್ಟಣದಲ್ಲಿ ನಲವತ್ತು ಟೊಮೆಟೊ ಬೀಜಗಳಿವೆ. ತಾಯಿ ಗಿಡವನ್ನು ನಾನು ಕೆಂಡ ಎಂದು ಕರೆಯುತ್ತೇನೆ. ಇದರ ಬಗ್ಗೆ ನಿನ್ನ ಅಣ್ಣನನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಸುಮಾರು ಆರು ವರ್ಷದ ಹಿಂದೆ ನಮ್ಮ ಗಾಜಿನ ಮನೆಯ ಏಳನೇ ಸಾಲಿನಲ್ಲಿ ಒಂದು ಗಿಡ, ಬುಡದಲ್ಲಿ ನೀರಿದ್ದರೂ, ಮಧ್ಯಾಹ್ನವಾದರೆ ಬಾಡಿ ಜೋತು ಬೀಳುತ್ತಿತ್ತು. ರೋಗವಿರಬೇಕೆಂದು ಕೀಳಲು ಹೋದವಳು ಹಣ್ಣು ನೋಡಿ ಕೈ ಹಿಂತೆಗೆದೆ. ಅಂಥ ಕೆಂಪನ್ನು ನಾನು ಕಂಡಿರಲಿಲ್ಲ. ಕುಯ್ದರೆ ಹಲಗೆಗೆ ಬಣ್ಣ ಹತ್ತುತ್ತದೆ. ಒಂದು ವಾರ ಹೆಚ್ಚಿಗೆ ಗಿಡದಲ್ಲೇ ಬಿಟ್ಟ ಹಣ್ಣನ್ನು ಕುಯ್ದೆ. ಒಳಗಿನ ಬೀಜಗಳು ಆಗಲೇ ಮೊಳೆತು, ಬಿಳಿ ಬೇರು ಚಾಚಿಕೊಂಡಿದ್ದವು.

ಇಲ್ಲಿ ಗಿಡಗಳಿಗೆ ನೀರು ಹಿಡಿಯುವ ಹೆಂಗಸನ್ನು ನಾವೆಲ್ಲ ಪೈಪಮ್ಮ ಎನ್ನುತ್ತೇವೆ. ಅವಳು ಇಣುಕಿ ನೋಡಿ ಹೇಳಿದಳು: "ಏನಮ್ಮಾ ಇದು, ಗಿಡ ಹಗಲೊತ್ತು ಬಿದ್ಕೊಂಡು ನಿದ್ದೆ ಹೊಡೆಯುತ್ತೆ, ಬೀಜ ಮಾತ್ರ ಎದ್ದು ಕೂತಿದೆ. ಮನೇಲಿ ಯಾರಾದ್ರೂ ಒಬ್ರು ಎಚ್ಚರ ಇರ್ಲಿ ಅಂತಾನಾ?"

ಹಣ್ಣಿನೊಳಗೆ ಎಷ್ಟು ನೀರಿದ್ದರೂ ಟೊಮೆಟೊ ಬೀಜ ಮೊಳೆಯುವುದಿಲ್ಲ, ನಿದ್ದೆಯಲ್ಲಿರುತ್ತದೆ. ಅದನ್ನು ನಿನಗೆ ನಾನು ಹೇಳಬೇಕಿಲ್ಲ. ಕೆಂಡಕ್ಕೆ ಆ ನಿದ್ದೆಯಿಲ್ಲ. ಬೇರೆ ತಳಿಯೊಂದಿಗೆ ಕೂಡಿಸಿ, ಮೊಮ್ಮಕ್ಕಳ ತಲೆಮಾರನ್ನು ಎಣಿಸಿದರೆ ನಾಲ್ಕರಲ್ಲಿ ಒಂದು ಕೆಂಡ. ವರ್ಷಕ್ಕೆರಡರಂತೆ ಹನ್ನೊಂದು ಹಂಗಾಮು ಎಣಿಸಿದ್ದೇನೆ. ಕಡು ಬಣ್ಣವೂ ನಿದ್ದೆಗೇಡೂ ಒಮ್ಮೆಯೂ ಒಂದನ್ನೊಂದು ಬಿಟ್ಟು ಹೋಗಿಲ್ಲ. ಒಂದೇ ಜೀನ್ ಇರಬೇಕು. ಯಾವುದೆಂದು ಹುಡುಕುವ ಯಂತ್ರ ನನ್ನಲ್ಲಿಲ್ಲ. ನಿನ್ನ ಅಣ್ಣ ಕಳೆದ ಮೇ ತಿಂಗಳಲ್ಲಿ ನಿನ್ನಲ್ಲಿಗೆ ಬಂದು ಹೋದಾಗಿನಿಂದ ನಿನ್ನ ಹೊಸ ಪ್ರಯೋಗಾಲಯದ ಮಾತೇ ಆಡುತ್ತಾರೆ. "ಅವಳಿಗೆ ಕಳಿಸೇ, ಇನ್ನೂ ಎಷ್ಟು ವರ್ಷ ಎಣಿಸ್ತಾ ಕೂರ್ತೀಯ" ಎಂದು ದಿನಾ ಒಂದೇ ರಾಗ.

ಒಂದು ವಿಷಯ ಬರೆಯಲು ಸಂಕೋಚ. ಅಕ್ಟೋಬರಿನಲ್ಲಿ ಈ ಬೀಜಕೋಣೆಯ ಮುಖ್ಯಸ್ಥೆಯ ಹುದ್ದೆಗೆ ಸಂದರ್ಶನವಿದೆ. ಡಾಕ್ಟರೇಟನ್ನು ಅರ್ಧಕ್ಕೆ ಬಿಟ್ಟವಳನ್ನು ಅವರು ಪರಿಗಣಿಸಬೇಕಾದರೆ ಪ್ರಕಟವಾದ ಒಂದಾದರೂ ಪ್ರಬಂಧದಲ್ಲಿ ನನ್ನ ಹೆಸರಿರಬೇಕು. ಹತ್ತೊಂಬತ್ತು ವರ್ಷದಿಂದ ಸಹಾಯಕಿಯಾಗಿಯೇ ಇದ್ದೇನೆ. ಹಾಗೆಂದು ನನಗೆ ಹೆಸರಿನ ಹುಚ್ಚೇನೂ ಇಲ್ಲ, ನಿನಗೆ ಗೊತ್ತು. ಕೆಂಡದ ಗುಟ್ಟು ತಿಳಿದರೆ ಸಾಕು.

ನಿನ್ನ ಅತ್ತಿಗೆ

*

ಮಾರ್ಚ್ 2

ಅತ್ತಿಗೆಮ್ಮಾ,

ನಿನ್ನ ಕಾಗದ ಓದಿ ಪ್ರಯೋಗಾಲಯದಲ್ಲೇ ಒಂದು ಸುತ್ತು ಕುಣಿದೆ. "ಮೇಡಂಗೆ ಏನೋ ಆಗಿದೆ" ಎಂದು ವಿದ್ಯಾರ್ಥಿಗಳು ಬಾಗಿಲಲ್ಲಿ ಗುಂಪು ಕಟ್ಟಿದ್ದರು. ಆರು ವರ್ಷ ಬಾಯಿ ಬಿಡದೆ ಕೂತಿದ್ದೆಯಲ್ಲ, ಕಳ್ಳಿ. ನಿನ್ನ ಹೊಟ್ಟೆಯಲ್ಲಿ ಇನ್ನೂ ಏನೇನಿದೆಯೋ.

ಗುಟ್ಟು ಸಿಕ್ಕಿತು. ಏಳೇ ವಾರದಲ್ಲಿ. ನೀನು ಹೇಳಿದ್ದೇ ಸರಿ, ಒಂದೇ ಜೀನ್. ಟೊಮೆಟೊ ತನ್ನ ಕೆಂಪು, ಕಿತ್ತಳೆ, ಹಳದಿಯನ್ನೆಲ್ಲ ಒಂದೇ ಮೆಟ್ಟಿಲ ಸಾಲಿನಲ್ಲಿ ಮಾಡಿಕೊಳ್ಳುತ್ತದಲ್ಲ, ಆ ಸಾಲಿನ ತುದಿಯಲ್ಲಿ ಬಣ್ಣವನ್ನೇ ತುಂಡರಿಸಿ ಒಂದು ಹಾರ್ಮೋನು ತಯಾರಿಸುತ್ತದೆ. ಬೀಜಕ್ಕೆ "ಈಗಲೇ ಬೇಡ, ಇರು" ಎಂದು ಹೇಳುವುದು ಅದು. ಬಿಸಿಲೇರಿದಾಗ ಎಲೆಯ ಸಣ್ಣ ಸಣ್ಣ ಬಾಯಿಗಳನ್ನು ಮುಚ್ಚಿಸುವುದೂ ಅದೇ. ನಿನ್ನ ಕೆಂಡದಲ್ಲಿ ಆ ತುದಿಯ ಮೆಟ್ಟಿಲೊಂದು ಮುರಿದಿದೆ. ಇಡೀ ಜೀನಿನಲ್ಲಿ ಬದಲಾಗಿರುವುದು ಒಂದೇ ಒಂದು ಅಕ್ಷರ. ಹಾರ್ಮೋನು ಸಾಲದೆ ಎಲೆ ಬಾಯಿ ತೆರೆದುಕೊಂಡೇ ಬಾಡುತ್ತದೆ, ಬೀಜ ಮಲಗುವುದಿಲ್ಲ. ಆ ಹಾರ್ಮೋನು ಕಡಿಮೆಯಾದರೆ ಕಾಯಿ ಬಣ್ಣ ತುಂಬಿಡುವ ಗೂಡುಗಳನ್ನು ಹೆಚ್ಚು ಹೆಚ್ಚು ಕಟ್ಟಿಕೊಳ್ಳುತ್ತದೆ. ನಿನ್ನ ಹಲಗೆಗೆ ಹತ್ತುವ ಕೆಂಪು ಅಲ್ಲಿಯದು. ಪೈಪಮ್ಮ ನನ್ನ ವಿದ್ಯಾರ್ಥಿಗಳಿಗಿಂತ ಬುದ್ಧಿವಂತೆ ಎಂದು ಅವಳಿಗೆ ಹೇಳಿಬಿಡು.

ಪ್ರಬಂಧಕ್ಕೆ ನಿನ್ನ ಹಂಗಾಮುಗಳ ಎಣಿಕೆ ಬೇಕು. ನೋಟ್‌ಬುಕ್ಕನ್ನೇ ಕಳಿಸಿಬಿಡು. ನಕಲು ಬೇಡ. ಯಾರಾದರೂ ಕೇಳಿದರೆ ಮೂಲ ನನ್ನ ಕೈಯಲ್ಲಿರಬೇಕು.

ಹೆಸರಿನ ಬಗ್ಗೆ ನೀನು ಎಳೆದೆಳೆದು ಬರೆದದ್ದು ಓದಿ ನಗು ಬಂತು. ಹಾಸ್ಟೆಲ್ ಕೋಣೆಯ ಬಾಗಿಲ ಮೇಲೆ ಇದ್ದ ಹಾಗೆ ಇಬ್ಬರದೂ ಅಕ್ಕಪಕ್ಕ ಇರುತ್ತದೆ. ಇನ್ನೊಮ್ಮೆ ಕೇಳಿದರೆ ಜಗಳ. ಅಣ್ಣನಿಗೆ ಹೊಟ್ಟೆ ಕರಗಿಸಲು ಹೇಳು.

ನಿನ್ನವಳು

*

ಬೀಜಕೋಣೆ
ಮಾರ್ಚ್ 14

ಪ್ರೀತಿಯ ನಾದಿನಿಗೆ,

ನಿನ್ನ ಕಾಗದವನ್ನು ಗಾಜಿನ ಮನೆಯಲ್ಲಿ ನಿಂತೇ ಮೂರು ಸಲ ಓದಿದೆ. ಪೈಪಮ್ಮನಿಗೆ ಅರ್ಥ ಮಾಡಿಸಿದೆ. "ಅಂದ್ರೆ ಹಣ್ಣಿಗೆ ಬಣ್ಣ ಹೆಚ್ಚಾಗಿ, ಮಗೂನ ಮಲಗಿಸೋಕೆ ಏನೂ ಮಿಕ್ಕಿಲ್ಲ" ಎಂದಳು. ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ ಎಂದೆ. "ನಿಮ್ಮ ನಾದಿನಿ ಏಳು ವಾರದಲ್ಲಿ ಕಂಡುಹಿಡಿದ್ರಾ? ನೀವು ಆರು ವರ್ಷ ಏನ್ ಮಾಡ್ತಿದ್ರಿ ಮತ್ತೆ?" ಎಂದು ಕೇಳಿ ಪೈಪು ಎಳೆದುಕೊಂಡು ಹೋದಳು. ಆ ಪ್ರಶ್ನೆಯನ್ನು ನಾನೂ ಎರಡು ದಿನ ಕೇಳಿಕೊಂಡೆ.

ನೋಟ್‌ಬುಕ್ ಕಳಿಸಿದ್ದೇನೆ. ಇದೊಂದೇ ಪ್ರತಿ, ಜೋಪಾನ. ಮೊನ್ನೆ ತನಕ ಬರೆದದ್ದೆಲ್ಲ ಇದರಲ್ಲಿದೆ. ಕೊನೆಯ ಹಾಳೆಯನ್ನು ಮೊದಲು ಓದು. ಕೆಂಡದ ಬೀಜ ತೆಗೆಯುವ ಬಗೆ ಅಲ್ಲಿದೆ, ಬೇರೆಲ್ಲೂ ಬರೆದಿಟ್ಟಿಲ್ಲ. ಉಳಿದ ಟೊಮೆಟೊಗೆ ಮಾಡಿದ ಹಾಗೆ ಮಾಡಿದರೆ ಒಂದು ಬೀಜವೂ ಉಳಿಯುವುದಿಲ್ಲ. ಹತ್ತು ಹಂಗಾಮು ನಾನು ಬೀಜ ಉಳಿಸಲಾರದೆ ಕೊಂಬೆ ನೆಟ್ಟೇ ತಳಿಯನ್ನು ಜೀವಂತವಿಟ್ಟೆ. ಹನ್ನೊಂದನೆಯದರಲ್ಲಿ ಉಪಾಯ ಹೊಳೆಯಿತು. ನನಗೆ ನನ್ನ ಕೆಲಸದಲ್ಲಿ ಹೆಮ್ಮೆಯೆನಿಸುವುದು ಆ ಒಂದು ಹಾಳೆ.

ಸೆಣಬಿನ ದಾರ ಸುತ್ತಿ, ನೀನೇ ಕಲಿಸಿದ ಜೋಡಿ ಕುಣಿಕೆಯ ಗಂಟು ಹಾಕಿದ್ದೇನೆ. ಬೆಳಿಗ್ಗೆ ಹಣ್ಣು ಹಿಂಡಿದ ಕೈಯಲ್ಲೇ ಕಟ್ಟಿದ್ದರಿಂದ ದಾರಕ್ಕೆ ತಿರುಳು ಮೆತ್ತಿದೆ. ಒದ್ದೆಯಾಗದಿರಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ದೇನೆ. ಬೈಯಬೇಡ. ಅಂಚೆ ಕಚೇರಿಗೆ ನಿನ್ನ ಅಣ್ಣನೇ ಹೊರಟಿದ್ದಾರೆ. "ನೀನು ಮನಸ್ಸು ಬದಲಾಯಿಸೋಕೆ ಮುಂಚೆ ಕೊಡಿಲ್ಲಿ" ಎಂದು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ನನ್ನ ಕೆಲಸದ ವಿಷಯದಲ್ಲಿ ಅವರಿಗೆ ಇಷ್ಟು ಉತ್ಸಾಹ ನೋಡಿ ಬಹಳ ವರ್ಷವಾಗಿತ್ತು.

ಇನ್ನೊಂದು. ನಿರ್ದೇಶಕರು ಏಳನೇ ಸಾಲಿನಲ್ಲಿ ಏನಿದೆ ಎಂದು ಕೇಳಿದರು. "ಬಾಡೋ ಗಿಡ ಸಾರ್, ಗಮನಿಸ್ತಾ ಇದ್ದೀನಿ" ಎಂದೆ. ಅಷ್ಟೇ ಹೇಳಿದ್ದು. ನಮ್ಮಿಬ್ಬರ ಪ್ರಬಂಧ ಬಂದ ಮೇಲೆ ಅವರ ಮೇಜಿನ ಮೇಲಿಟ್ಟು ಹೇಳೋಣ ಎಂಬ ಆಸೆ. ಚಿಕ್ಕವರ ಆಸೆ.

ನಿನ್ನ ಅತ್ತಿಗೆ

*

ಬೀಜಕೋಣೆ
ಮೇ 20

ಪ್ರೀತಿಯ ನಾದಿನಿಗೆ,

ನೋಟ್‌ಬುಕ್ ತಲುಪಿತೇ? ಒಂದು ಸಾಲು ಬರೆ. ಫೋನ್ ಮಾಡಿದರೆ ನಿನ್ನ ಸಹಾಯಕರು ಎತ್ತಿ ಮೀಟಿಂಗ್ ಎನ್ನುತ್ತಾರೆ. ಪ್ರಬಂಧದ ಕರಡು ಇದ್ದರೆ ಕಳಿಸು. ತಿದ್ದುವುದಕ್ಕಲ್ಲ, ಓದುವುದಕ್ಕೆ. ಕೊನೆಯ ಹಾಳೆ ಉಪಯೋಗಕ್ಕೆ ಬಂತೇ ಎಂದೂ ತಿಳಿಸು.

ಏಳನೇ ಸಾಲು ಚೆನ್ನಾಗಿದೆ.

ಅತ್ತಿಗೆ

*

ಜೂನ್ 6

ಅತ್ತಿಗೆ,

ತಲುಪಿದೆ, ಭದ್ರವಾಗಿದೆ, ಚಿಂತೆ ಬೇಡ. ಓದುತ್ತಿದ್ದೇನೆ. ನಿನ್ನ ಅಕ್ಷರ ಈಗಲೂ ಮುತ್ತು ಪೋಣಿಸಿದ ಹಾಗಿದೆ. ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಕರಡು ಇನ್ನೂ ಆ ಕೈ ಈ ಕೈ ತಿರುಗುತ್ತಿದೆ, ಒಂದು ರೂಪಕ್ಕೆ ಬಂದ ಮೇಲೆ ಕಳಿಸುತ್ತೇನೆ. ಅಣ್ಣ ಎಲ್ಲ ಹೇಳುತ್ತಿರುತ್ತಾನಲ್ಲ.

ನಿನ್ನವಳು

*

ಬೀಜಕೋಣೆ
ಸೆಪ್ಟೆಂಬರ್ 3

ನಾದಿನಿಗೆ,

ನಿನ್ನೆ ನಾನು ತೊಟ್ಟಿಯ ಬಳಿ ಜರಡಿ ತೊಳೆಯುತ್ತಿದ್ದಾಗ ನಿರ್ದೇಶಕರು ನಾಲ್ಕು ಹಾಳೆ ಹಿಡಿದುಕೊಂಡು ಬಂದರು. "ನೋಡಿ, ನಿಮ್ಮ ನಾದಿನಿಯವರು ಎಂಥಾ ಕೆಲಸ ಮಾಡಿದ್ದಾರೆ. ನಮ್ಮಲ್ಲೂ ಟೊಮೆಟೊ ಇದೆ, ನಾವು ಬರೀ ನೀರು ಹಾಕ್ತಾ ಇದ್ದೀವಿ" ಎಂದು ನಕ್ಕರು. ಕೈ ಒದ್ದೆಯಿತ್ತು. ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡೆ.

ಏಳು ಹೆಸರುಗಳಿದ್ದವು. ಒಂದೊಂದರ ಮೇಲೂ ಬೆರಳಿಟ್ಟು ಓದಿದೆ, ಕಣ್ಣು ತಪ್ಪಿರಬಹುದೆಂದು. ಕೊನೆಯ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, "ಬೀಜ ಒದಗಿಸಿದ ಕ್ಷೇತ್ರ ಸಿಬ್ಬಂದಿಗೆ ವಂದನೆಗಳು" ಎಂದಿದೆ. ಸಿಬ್ಬಂದಿ ಎಂದರೆ ನಾನು. ಒಬ್ಬಳೇ ಇದ್ದೇನೆ, ಬಹುವಚನ ಯಾಕೆ ಹಾಕಿದೆಯೋ.

ನನ್ನ ಎಣಿಕೆಯ ಪಟ್ಟಿ ಹಾಗೆಯೇ ಇದೆ. ನಾಲ್ಕನೇ ಹಂಗಾಮಿನಲ್ಲಿ ಇಲಿ ತಿಂದ ಹದಿಮೂರು ಸಸಿಗಳನ್ನು ಕಳೆದದ್ದು ಕೂಡ ಹಾಗೆಯೇ. ಆ ಇಲಿಗಾಗಿ ನಾನೂ ಪೈಪಮ್ಮನೂ ಒಂದು ವಾರ ಹುಡುಕಾಡಿದ್ದೆವು. ಹತ್ತು ಹಂಗಾಮು ಹಾಕಿ ಹನ್ನೊಂದನೆಯದನ್ನು ಬಿಟ್ಟಿದ್ದೀಯ. ಜಾಗ ಸಾಲಲಿಲ್ಲವೇನೋ.

ಮಧ್ಯಾಹ್ನ ಮನೆಗೆ ಹೋಗಿ ನಿನ್ನ ಅಣ್ಣನ ಮುಂದೆ ಹಾಳೆಗಳನ್ನಿಟ್ಟೆ. ಕನ್ನಡಕ ಹುಡುಕಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. "ಏನೋ ಹೆಚ್ಚುಕಮ್ಮಿ ಆಗಿರುತ್ತೆ, ದುಡುಕಬೇಡ" ಎಂದರು.

ದುಡುಕದೆ ಒಂದು ರಾತ್ರಿ ಕಳೆದು ಬರೆಯುತ್ತಿದ್ದೇನೆ. ಏನು ನಡೆಯಿತು ಎಂದು ನೀನೇ ಹೇಳು. ಯಾರಾದರೂ ನಿನ್ನ ಕೈ ಕಟ್ಟಿದ್ದರೆ ಅದನ್ನೇ ಹೇಳು, ನಂಬುತ್ತೇನೆ. ಸಂದರ್ಶನಕ್ಕೆ ಇನ್ನು ಏಳು ವಾರ.

ಅತ್ತಿಗೆ

*

ಸೆಪ್ಟೆಂಬರ್ 19

ಅತ್ತಿಗೆ,

ಎರಡು ವಾರದಿಂದ ಬರೆದು ಹರಿದು ಹಾಕುತ್ತಿದ್ದೇನೆ.

ನಿನ್ನ ಹೆಸರು ಮೊದಲ ಕರಡಿನಲ್ಲಿತ್ತು. ಬೇರೆ ಕೇಂದ್ರದ ನೌಕರರ ಹೆಸರು ಸೇರಿಸಿದರೆ ಆ ಕೇಂದ್ರದ ಒಪ್ಪಿಗೆ ಬೇಕು, ತಳಿಯ ಮೇಲೆ ಅವರಿಗೂ ಹಕ್ಕು ಕೊಡಬೇಕು, ಅದಕ್ಕೆಲ್ಲ ವರ್ಷ ಹಿಡಿಯುತ್ತದೆ ಎಂದು ನಮ್ಮ ಕಾನೂನಿನವರು ತೆಗೆಸಿದರು. ಇನ್ನೊಂದು ಗುಂಪು ಇದೇ ಜೀನಿನ ಬೆನ್ನು ಹತ್ತಿದೆ ಎಂಬ ಸುದ್ದಿಯೂ ಬಂತು. ಆಗ ನಾನು ಹಟ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಅಣ್ಣನಿಗೆ ಆಗಲೇ ಹೇಳಿದ್ದೆ. "ಅವಳಿಗೆ ನಾನು ಮೆತ್ತಗೆ ಹೇಳ್ತೀನಿ" ಎಂದಿದ್ದ. ಹೇಳಿದ್ದಾನೆ ಎಂದೇ ತಿಳಿದಿದ್ದೆ.

ನನಗೆ ಹೆಸರಿನ ಹುಚ್ಚಿಲ್ಲ, ಗುಟ್ಟು ತಿಳಿದರೆ ಸಾಕು ಎಂದು ನೀನೇ ಬರೆದಿದ್ದೆ. ಆ ಸಾಲನ್ನು ಎಷ್ಟು ಸಲ ಓದಿ ಸಮಾಧಾನ ಮಾಡಿಕೊಂಡೆನೋ. ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಕೈಯಲ್ಲೇ ಇದ್ದಿದ್ದರೆ ನೀನು ಇಪ್ಪತ್ತೊಂದನೇ ಹಂಗಾಮನ್ನೂ ಎಣಿಸುತ್ತ ಕೂತಿರುತ್ತಿದ್ದೆ. ನಿನ್ನ ಡಾಕ್ಟರೇಟಿಗೆ ಆದದ್ದೂ ಅದೇ ಅಲ್ಲವೇ? ಮುಂದಿನ ಪ್ರಬಂಧದಲ್ಲಿ ನಿನ್ನದೇ ಮೊದಲ ಹೆಸರು, ಆಣೆ.

ಈಗ ಒಂದು ಸಹಾಯ ಕೇಳಬೇಕು. ಕೇಳಲು ಮುಖವಿಲ್ಲ, ಆದರೂ ಕೇಳುತ್ತೇನೆ. ಪ್ರಬಂಧ ನೋಡಿ ಮೂರು ಕಡೆಯವರು ಬೀಜ ಕೇಳಿದ್ದಾರೆ. ಕೊಡಲೇಬೇಕು, ಅದು ಪತ್ರಿಕೆಯ ನಿಯಮ. ಹಣ್ಣು ಬೇಕಾದಷ್ಟು ಬಂದಿತ್ತು. ಎಂದಿನಂತೆ ತಿರುಳನ್ನು ಬಕೆಟ್ಟಿನಲ್ಲಿ ಮೂರು ದಿನ ಹುಳಿ ಬರಿಸಿ ತೊಳೆಯಲು ಹೋದರೆ ಬಕೆಟ್ಟಿನ ತುಂಬ ಕೊಳೆತ ಮೊಳಕೆ. ಇನ್ನೊಂದು ಸಲವೂ ಹಾಗೆಯೇ ಆಯಿತು. ಈಗ ಗಿಡಗಳೂ ಮುಗಿದವು. ನೀನು ಈ ಬೀಜವನ್ನು ಹೇಗೆ ತೆಗೆದು ಒಣಗಿಸುತ್ತೀಯ? ನಾಲ್ಕು ಸಾಲು ಬರೆ. ಇನ್ನೊಂದಿಷ್ಟು ಬೀಜವನ್ನೂ ಕಳಿಸು.

ನಿನ್ನವಳು

*

ಬೀಜಕೋಣೆ
ಅಕ್ಟೋಬರ್ 1

ನಾದಿನಿಗೆ,

ನಿನ್ನ ಕಾಗದ ತಲುಪಿತು. ಕೊನೆಯ ಪ್ರಶ್ನೆಯನ್ನು ಹಲವು ಸಲ ಓದಿದೆ.

ನೋಟ್‌ಬುಕ್ ಹಿಂದಕ್ಕೆ ಕಳಿಸು. ಈ ತಿಂಗಳ ಇಪ್ಪತ್ತಕ್ಕೆ ನನ್ನ ಸಂದರ್ಶನ. ಅದಕ್ಕೆ ಮೊದಲು ತಲುಪಬೇಕು. ಇದ್ದ ಹಾಗೆಯೇ ಕಳಿಸು, ಬೇರೆ ಹೊದಿಕೆ ಹಾಕುವುದು ಬೇಡ.

ಅತ್ತಿಗೆ

*

ಅಕ್ಟೋಬರ್ 17

ಅತ್ತಿಗೆ,

ತಡವಾಯಿತು, ಕ್ಷಮಿಸು. ಪೂರ್ತಿ ಓದಿ ಮುಗಿಸಿಯೇ ಕಳಿಸುತ್ತಿದ್ದೇನೆ. ಪ್ರತಿ ಪುಟದಲ್ಲೂ ನೀನು ಕಾಣುತ್ತೀಯ. ಸಂದರ್ಶನ ಚೆನ್ನಾಗಾಗಲಿ. ಬೀಜದ ವಿಷಯ ಮರೆಯಬೇಡ.

ನಿನ್ನವಳು

*

ಬೀಜಕೋಣೆ
ಅಕ್ಟೋಬರ್ 30

ನಾದಿನಿಗೆ,

ಸಂದರ್ಶನ ಇಪ್ಪತ್ತಕ್ಕೆ ಆಯಿತು. ನೋಟ್‌ಬುಕ್ ಇಪ್ಪತ್ತೆರಡಕ್ಕೆ ಬಂತು.

ಬರಿಗೈಯಲ್ಲಿ ಹೋಗಿ ಕೂತೆ. ಕೆಂಡ ನನ್ನ ಏಳನೇ ಸಾಲಿನಲ್ಲಿ ಹುಟ್ಟಿದ್ದು ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಸಂದರ್ಶನಕ್ಕೆ ಕೂತಿದ್ದ ಮೂವರೂ ಮುಖ ಮುಖ ನೋಡಿಕೊಂಡರು. ನಿರ್ದೇಶಕರು ನನ್ನನ್ನು ನೋಯಿಸಬಾರದೆಂದು ಬಹಳ ಮೃದುವಾಗಿ ಕೇಳಿದರು: "ಆ ಗಿಡಗಳು... ನಿಮ್ಮ ನಾದಿನಿಯವರಿಂದ ಬೀಜ ತರಿಸಿಕೊಂಡದ್ದಲ್ವಾ ಅವು? ಬಾಡೋ ಗಿಡ ಅಂತ ನೀವೇ ಹೇಳಿದ್ರಿ." ಅವರಿಗೆ ತೋರಿಸಲು ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ. ಹೊರಗೆ ಬಂದಾಗ ಪೈಪಮ್ಮ "ಏನಂದ್ರು?" ಎಂದಳು. "ಚೆನ್ನಾಗಿ ಮಾತಾಡಿದ್ರು" ಎಂದೆ. ಹುದ್ದೆ ಬೇರೊಬ್ಬರಿಗೆ ಆಯಿತು.

ಇನ್ನು ನೋಟ್‌ಬುಕ್ಕಿನ ಮಾತು.

ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಮಾರ್ಚಿನಲ್ಲಿ ನಾನು ಹಾಕಿದ ಗಂಟು ಹಾಗೆಯೇ ಇತ್ತು. ನೀನೂ ಅದೇ ಗಂಟು ಹಾಕಬಲ್ಲೆ, ಬಿಚ್ಚಿ ಓದಿ ಮತ್ತೆ ಕಟ್ಟಿರಬಹುದು ಎಂದು ಮೊದಲು ಅಂದುಕೊಂಡೆ. ಈಗಲೂ ನಿನಗೆ ದಾರಿ ಬಿಡುವುದೇ ನನ್ನ ಅಭ್ಯಾಸ ನೋಡು. ಆಮೇಲೆ ಭೂತಗನ್ನಡಿ ತಂದೆ. ದಾರಕ್ಕೆ ಮೆತ್ತಿದ್ದ ತಿರುಳಿನಲ್ಲಿ ಒಂದು ಬೀಜ ಸಿಕ್ಕಿಕೊಂಡಿತ್ತು. ಚೀಲದ ತೇವದಲ್ಲಿ ಅದು ದಾರಿಯಲ್ಲೇ ಮೊಳೆತಿದೆ. ಅದರ ಬೇರು ಗಂಟಿನ ಎರಡೂ ಕುಣಿಕೆಗಳ ಮೇಲೆ ಹಾಯ್ದು, ಒಣಗಿ, ಕೂದಲೆಳೆಯ ಹಾಗೆ ಅಂಟಿಕೊಂಡಿದೆ. ಎಲ್ಲಿಯೂ ಮುರಿದಿಲ್ಲ. ಆ ಗಂಟನ್ನು ಮಾರ್ಚಿನಿಂದ ಯಾರೂ ಮುಟ್ಟಿಲ್ಲ.

ನೀನು ಕೇಳಿದ ಪ್ರಶ್ನೆಗೆ ಉತ್ತರ ಆರು ತಿಂಗಳು ನಿನ್ನ ಕಪಾಟಿನಲ್ಲೇ ಇತ್ತು. ಕೊನೆಯ ಹಾಳೆಯನ್ನು ಮೊದಲು ಓದು ಎಂದು ಬರೆದಿದ್ದೆ.

ಹಾಗಾದರೆ ನನ್ನ ಪಟ್ಟಿ ನಿನಗೆ ಎಲ್ಲಿಂದ ಬಂತು? ಹತ್ತು ಹಂಗಾಮು. ಹತ್ತನೆಯದು ಮುಗಿದದ್ದು ಕಳೆದ ವರ್ಷ ಏಪ್ರಿಲಿನಲ್ಲಿ. ಮೇ ತಿಂಗಳಲ್ಲಿ ನಿನ್ನಲ್ಲಿಗೆ ಬಂದವರು ಒಬ್ಬರೇ.

ನಾನು ಜಗಳ ಮಾಡಲಿಲ್ಲ. ನೋಟ್‌ಬುಕ್ಕನ್ನು ಕಟ್ಟಿದ ಹಾಗೆಯೇ ಅವರ ತಟ್ಟೆಯ ಪಕ್ಕದಲ್ಲಿಟ್ಟು ಕೇಳಿದೆ: "ಫೋಟೋ ತೆಗೆದುಕೊಂಡು ಹೋಗಿದ್ರಾ?"

ಊಟ ಮಾಡುತ್ತಲೇ ಇದ್ದರು. "ಎಲ್ಲಾ ಪುಟ" ಎಂದರು.

"ಹಣ್ಣು?"

"ನಾಲ್ಕು. ಊಟದ ಡಬ್ಬೀಲಿ."

"ಯಾಕೆ?"

"ಅವಳು ಕೇಳಿದ್ಳು. ನೀನಂತೂ ಯಾರಿಗೂ ತೋರಿಸ್ತಿರಲಿಲ್ಲ. ನಿನ್ನಿಂದ ಆಗಲ್ಲ ಅಂತ ನಮ್ಮಿಬ್ರಿಗೂ ಗೊತ್ತಿತ್ತು. ಹೊರಗೆ ಬಂತಲ್ಲ, ಒಳ್ಳೇದೇ ಆಯ್ತಲ್ಲ."

ನಮ್ಮಿಬ್ಬರಿಗೂ. ಹದಿನೆಂಟು ವರ್ಷದಲ್ಲಿ ಆ ಮಾತಿಗೆ ನಾನೂ ಅವರೂ ಎಂದೇ ಅರ್ಥ ಮಾಡಿಕೊಂಡಿದ್ದೆ.

ಹಾಗಾದರೆ ಜನವರಿಯಲ್ಲಿ ನಾನು ಸಂಕೋಚಪಟ್ಟು ನಲವತ್ತು ಬೀಜ ಕಳಿಸಿದಾಗ ನಿನ್ನ ಬಳಿ ಕೆಂಡ ಎಂಟು ತಿಂಗಳಿಂದ ಇತ್ತು. ಪ್ರಯೋಗಾಲಯದಲ್ಲಿ ಕುಣಿದದ್ದು, ಏಳು ವಾರದಲ್ಲಿ ಗುಟ್ಟು ಸಿಕ್ಕಿದ್ದು, ಅದನ್ನೆಲ್ಲ ನೀನು ಕೂತು ಕಟ್ಟಿದ್ದು. ನೋಟ್‌ಬುಕ್ ಕೇಳಿದ್ದು ಓದುವುದಕ್ಕಲ್ಲ, ನನ್ನ ಬಳಿ ಇರಬಾರದೆಂದು. ಅಂಚೆ ಕಚೇರಿಗೆ ಚಪ್ಪಲಿ ಮೆಟ್ಟಿ ನಿಂತವರ ಉತ್ಸಾಹವನ್ನು ನಾನು ಪ್ರೀತಿ ಎಂದುಕೊಂಡು ನಿನಗೇ ಬರೆದಿದ್ದೆ. ಓದಿ ನಿನಗೆ ಏನನಿಸಿತು?

ನೀವಿಬ್ಬರೂ ಹೇಳಿದ ಮಾತಿನಲ್ಲಿ ನಿಜವಿದೆಯೇ ಎಂದು ಎಂಟು ದಿನ ಯೋಚಿಸಿದೆ. ಆರು ವರ್ಷ ಯಾಕೆ ಮುಚ್ಚಿಟ್ಟೆ? ತಪ್ಪಾಗಿದ್ದರೆ ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಹೋದರೆ ನನಗೊಬ್ಬಳಿಗೇ ಗೊತ್ತಿರುವುದೊಂದು ಅಲ್ಲಿ ಬೆಳೆಯುತ್ತಿದೆ ಎಂಬ ಸುಖ ಇತ್ತು. ಅದು ವಿಜ್ಞಾನವಲ್ಲ, ಒಪ್ಪುತ್ತೇನೆ. ನಿರ್ದೇಶಕರಿಗೆ ಸುಳ್ಳಿನಂಥದ್ದನ್ನು ಹೇಳಿದವಳೂ ನಾನೇ. ಬಹುಶಃ ನಾನು ಇಪ್ಪತ್ತೊಂದನೆಯದನ್ನೂ ಎಣಿಸುತ್ತಿದ್ದೆ. ಆದರೆ ಎಣಿಸುತ್ತ ಇದ್ದದ್ದಕ್ಕೇ ಹನ್ನೊಂದನೆಯದರಲ್ಲಿ ಬೀಜ ಉಳಿಸುವ ದಾರಿ ಸಿಕ್ಕಿತು. ನಿಧಾನದವಳೆಂದು ನನ್ನನ್ನು ಬೈಯಬಹುದಿತ್ತು, ಎದುರಿಗೆ ಕೂರಿಸಿ ಜಗಳವಾಡಬಹುದಿತ್ತು. ಅಷ್ಟು ಸಲಿಗೆ ನಿನಗೆ ಇತ್ತು.

ದಾರವನ್ನು ಗಂಟು ಬಿಟ್ಟು ಬೇರೆ ಕಡೆ ಕತ್ತರಿಸಿದೆ. ಗಂಟನ್ನು ಬೀಜದ ಪೊಟ್ಟಣದಲ್ಲಿ ಹಾಕಿಟ್ಟಿದ್ದೇನೆ. ಡಬ್ಬಿಯಲ್ಲಿ ನಿನ್ನ ಅಣ್ಣನಿಗೆ ಊಟ ಕಟ್ಟುವುದನ್ನು ನಿಲ್ಲಿಸಿದ್ದೇನೆ. ಅವರೇ ಒಂದು ಹೊಸ ಡಬ್ಬಿ ತಂದುಕೊಂಡು, ತಾವೇ ತುಂಬಿಕೊಂಡು ಹೋಗುತ್ತಾರೆ.

ಅತ್ತಿಗೆ

*

ನವೆಂಬರ್ 16

ಅತ್ತಿಗೆ,

ನೀನು ಬರೆದದ್ದೆಲ್ಲ ನಿಜ. ಒಂದು ಮಾತ್ರ ಅಲ್ಲ. ನೋಟ್‌ಬುಕ್ ಬಿಚ್ಚದೆ ಇದ್ದದ್ದು ತಾತ್ಸಾರದಿಂದ ಅಲ್ಲ. ಮೂರು ಸಲ ಕೈಗೆ ತೆಗೆದುಕೊಂಡೆ. ನಿನ್ನ ಅಕ್ಷರ ನೋಡಲು ಧೈರ್ಯವಾಗಲಿಲ್ಲ. ಅದು ಅಲ್ಲಿದ್ದರೆ ಒಂದು ದಿನ ಎಲ್ಲ ಸರಿಮಾಡಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಓದಿದೆ ಎಂದು ಬರೆದೆನಲ್ಲ, ಆ ಸುಳ್ಳೇ ಎಲ್ಲಕ್ಕಿಂತ ನಾಚಿಕೆ.

ಪತ್ರಿಕೆಯವರು ನೋಟಿಸು ಕೊಟ್ಟಿದ್ದಾರೆ. ಮಾರ್ಚಿನೊಳಗೆ ಬೀಜ ಒದಗಿಸದಿದ್ದರೆ ಪ್ರಬಂಧವನ್ನೇ ಹಿಂತೆಗೆಯುತ್ತಾರೆ. ಹಾಗಾದರೆ ನಾನೂ ಮುಗಿದೆ, ನನ್ನ ಆರು ಹುಡುಗರೂ ಮುಗಿದರು. ಕೆಂಡ ಈಗ ಇರುವುದು ನಿನ್ನ ಏಳನೇ ಸಾಲಿನಲ್ಲಿ ಮಾತ್ರ. ಇಪ್ಪತ್ತು ಬೀಜ ಸಾಕು. ತಿದ್ದುಪಡಿ ಹಾಕಿಸಿ ನಿನ್ನ ಹೆಸರು ಸೇರಿಸುತ್ತೇನೆ, ಯಾವ ಕಾನೂನಿನವರು ಏನೇ ಹೇಳಲಿ. ಹಾಸ್ಟೆಲಿನ ದಿನಗಳ ಮೇಲೆ ಕೇಳುತ್ತಿದ್ದೇನೆ. ಇಲ್ಲವೆನ್ನಬೇಡವೇ.

ನಿನ್ನವಳು

*

ಬೀಜಕೋಣೆ
ಡಿಸೆಂಬರ್ 4

ಇವರಿಗೆ,
ಹಿರಿಯ ವಿಜ್ಞಾನಿಗಳು,
ಸಸ್ಯ ತಳಿ ಪ್ರಯೋಗಾಲಯ

ಮಾನ್ಯರೇ,

ವಿಷಯ: ಕೆಂಡ ಟೊಮೆಟೊ ತಳಿಯ ಬೀಜದ ಕೋರಿಕೆ
ಉಲ್ಲೇಖ: ತಮ್ಮ ನವೆಂಬರ್ 16ರ ಪತ್ರ

ತಮ್ಮ ಪತ್ರ ತಲುಪಿದೆ. ಈ ತಳಿಯ ನೋಟ್‌ಬುಕ್ಕನ್ನು, ಅದರ ದಾರದ ಗಂಟಿನೊಂದಿಗೆ, ನಮ್ಮ ನಿರ್ದೇಶಕರು ನೋಡಿದ್ದಾರೆ. ಎರಡು ಮಧ್ಯಾಹ್ನ ಕೂತು ಓದಿದರು. ನವೆಂಬರ್ 24ರಿಂದ ಕೆಂಡವು ನಮ್ಮ ಕೇಂದ್ರದ ದಾಖಲೆಯಲ್ಲಿ ಸೇರಿದೆ. ಬೀಜ ಕೇಳಿದವರಿಗೆಲ್ಲ ಕೇಂದ್ರವೇ ಕೊಡಬೇಕೆಂದು ತೀರ್ಮಾನವಾಗಿದೆ. ತಮಗೂ ಕೊಡಲಾಗುವುದು.

ತಿದ್ದುಪಡಿಯಲ್ಲಿ ನನ್ನ ಹೆಸರು ಸೇರಿಸುವ ಅಗತ್ಯವಿಲ್ಲ. ಅದರ ಬದಲಿಗೆ, ತಮ್ಮ ಪ್ರಬಂಧದ ಎರಡನೇ ಪಟ್ಟಿಯ ಹತ್ತು ಹಂಗಾಮುಗಳ ಎಣಿಕೆ ಎಲ್ಲಿ ನಡೆಯಿತು, ಯಾರ ನೋಟ್‌ಬುಕ್ಕಿನಿಂದ ಬಂತು, ಅದು ಮತ್ತು ನಾಲ್ಕು ಹಣ್ಣುಗಳು ಯಾವ ತಿಂಗಳಲ್ಲಿ, ಯಾರ ಕೈಯಿಂದ, ಎಣಿಸಿದವರಿಗೆ ತಿಳಿಯದಂತೆ ತಮ್ಮನ್ನು ತಲುಪಿದವು ಎಂಬುದನ್ನು ಅದೇ ಪತ್ರಿಕೆಯಲ್ಲಿ ತಾವೇ ಬರೆಯಬೇಕು. ಪ್ರಕಟವಾದ ಪುಟ ನಮ್ಮ ಕೈ ಸೇರಿದ ದಿನವೇ ಬೀಜ ಅಂಚೆಗೆ ಬೀಳುತ್ತದೆ.

ತಾವು ಕೇಳಿದ್ದ ವಿಧಾನವನ್ನು ಕೊನೆಯ ಹಾಳೆಯಿಂದ ನಕಲು ಮಾಡಿ ಕೆಳಗೆ ಬರೆದಿದ್ದೇನೆ. ಇದಕ್ಕೆ ಷರತ್ತಿಲ್ಲ.

ಕಾಯಿಯ ಬಣ್ಣ ತಿರುಗಲು ಶುರುವಾದ ದಿನವೇ ಕೀಳುವುದು. ಪೂರ್ತಿ ಕೆಂಪಾಗುವ ತನಕ ಕಾಯಬಾರದು. ಹುಳಿ ಬರಿಸದೆ, ಅದೇ ಬೆಳಿಗ್ಗೆ ಜರಡಿಯ ಮೇಲೆ ಬೆರಳಿನಿಂದ ಉಜ್ಜಿ ಲೋಳೆ ತೆಗೆದು, ಮೂರು ನೀರಿನಲ್ಲಿ ತೊಳೆಯುವುದು. ತೆಳು ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಕೆಳಗೆ, ಸಂಜೆಯೊಳಗೆ ಒಣಗಿಸುವುದು. ಹೀಗೆ ಒಣಗಿಸಿದ ಬೀಜ ನಾಲ್ಕು ತಿಂಗಳು ಇರುತ್ತದೆ. ಅದರಾಚೆಗೆ ನಾನು ನೋಡಿಲ್ಲ.

ತಮ್ಮ ಹೆಸರಿನ ಪೊಟ್ಟಣದಲ್ಲಿ ಇಪ್ಪತ್ತು ಬೀಜ ಎಣಿಸಿ ಕಟ್ಟಿಟ್ಟಿದ್ದೇನೆ. ಅವು ಒಣಗಿದ್ದು ನಿನ್ನೆ.

ವಂದನೆಗಳೊಂದಿಗೆ,
ಸಹಾಯಕಿ, ಬೀಜಕೋಣೆ